ಹಿನ್ನೀರಿನ ದಾರಿಯಲ್ಲಿ ಕುಳಿತಿದ್ದವಳು

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಂದು ಬೆಳದಿಂಗಳಿತ್ತೇ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಕೇಳಿದರೆ ಆಣೆ ಮಾಡಿ ಹೇಳಲಾರೆ. ಮರುದಿನವೇ ಡೈರಿಯಲ್ಲಿ ಬರೆದಿಟ್ಟೆ, ನಿಜ. ಬರೆಯುವಾಗಲೇ ಏನನ್ನು ಸೇರಿಸಿದೆನೋ ಗೊತ್ತಿಲ್ಲ. ಆದರೆ ನಾನು ಆ ದಾರಿಗೆ ಹೋಗಿದ್ದು ನಿಜ. ಅಲ್ಲಿ ಕೇಳಿದ ಮಾತು ನಿಜ.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ರಜೆ ಸಿಕ್ಕರೆ ಸೈಕಲ್ ಹತ್ತುತ್ತೇನೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಸಮೀರವಾಡಿ ಕಡೆಯ ರಸ್ತೆಗಳೆಲ್ಲ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಪಾಲು. ಹಾಗಾಗಿ ಗಾಡಿ ಓಡಾಡದ ದಾರಿಗಳನ್ನು ಹುಡುಕುತ್ತಿರುತ್ತೇನೆ.

ಗಲಗಲಿಯಿಂದ ಸ್ವಲ್ಪ ಆಚೆ ಅಂಥದೊಂದು ದಾರಿ ಇದೆ. ಎರಡು ಗುಡ್ಡಗಳ ನಡುವೆ ಇಳಿದು, ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಹಳೆಯ ಊರಿಗೆ ಹೋಗುತ್ತದೆ. ಅಂದರೆ ನೀರಿಗೆ ಹೋಗುತ್ತದೆ. ಚಳಿಗಾಲ ಮುಗಿಯುತ್ತಾ ನೀರು ಹಿಂದೆ ಸರಿದಂತೆ ರಸ್ತೆ ವಾರವಾರಕ್ಕೂ ಉದ್ದವಾಗುತ್ತದೆ.

ಊರು ಮುಳುಗಿದಾಗ ನಾನಿನ್ನೂ ಸಾಲೆಗೆ ಸೇರಿರಲಿಲ್ಲ. ಅಪ್ಪ ಅಮ್ಮನ ಜೊತೆ ಜಮಖಂಡಿಯಲ್ಲಿದ್ದೆ. ಊರಲ್ಲಿದ್ದವರು ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಕಾಕು ಮತ್ತು ಆಯಿ. ಆಯಿ ಎಂದರೆ ಕಾಕಾನ ತಾಯಿ, ನನ್ನ ಅಜ್ಜಿ. ಊರು ಬಿಡುವ ಮೊದಲೇ ಅವಳು ಜ್ವರದಲ್ಲಿ ತೀರಿಕೊಂಡಳು ಎಂದು ಕಾಕಾ ಹೇಳಿದ್ದ.

ಕಾಕಾನ ಮಾತನ್ನು ನಾನು ಎಂದೂ ಅನುಮಾನಿಸಿದವಳಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವನು ಅವನು. ಒಮ್ಮೆಯೂ ದನಿ ಎತ್ತಿದವನಲ್ಲ. ನೀನು ಕಂಡ ಒಬ್ಬ ಒಳ್ಳೆಯ ಮನುಷ್ಯನನ್ನು ತೋರಿಸು ಎಂದಿದ್ದರೆ ಅವನನ್ನೇ ತೋರಿಸುತ್ತಿದ್ದೆ.

ಆ ಶನಿವಾರ ಪುನರ್ವಸತಿ ಕೇಂದ್ರದಲ್ಲಿರುವ ಅವನ ಮನೆಯಲ್ಲಿ ಉಳಿದೆ. ನಸುಕಿನ ನಾಲ್ಕೂವರೆಗೆ, ಇನ್ನೂ ಗವ್ವೆನ್ನುವ ಕತ್ತಲಿದ್ದಾಗ ಹೊರಟೆ.

ಇಳಿಜಾರು ಶುರುವಾಗುವಲ್ಲಿ ಹೊಲದೊಳಗೆ ರಾತ್ರಿ ತಂಗಲು ಕುರಿಗಳನ್ನು ತರುಬಿದ್ದರು. ಕಂಬಳಿ ಹೊದ್ದ ಕುರಿಗಾರನೊಬ್ಬ ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದ.

“ಬಸ್ ತಪ್ಪಿತೇನ್ರಿ ಅಕ್ಕಾರ?” ಎಂದ, ನನ್ನ ಹೆಲ್ಮೆಟ್ ನೋಡುತ್ತಾ.

“ಇಲ್ಲರಿ, ಸುಮ್ಮನ ಹೊಂಟೇನಿ. ಈ ದಾರಿಗೆ ಗಾಡಿ ಬರತಾವೇನು?”

“ಗಾಡಿ ಬಿಡ್ರಿ. ನನ್ನ ನಾಯಿನೂ ಕೆಳಗ ಇಳಿಯೂದಿಲ್ಲ.”

“ಯಾಕ?”

“ಅದನ್ನ ಕೇಳ್ರಿ. ಮಾತು ಬಂದ್ರ ಹೇಳೀತು.”

ಅವನು ನಕ್ಕ. ನಾನೂ ನಕ್ಕು ಇಳಿದೆ.

ಪೆಡಲ್ ತುಳಿಯುವ ಕೆಲಸವಿರಲಿಲ್ಲ. ಹಿಂದಿನ ಗಾಲಿಯ ಟಿಕ್ ಟಿಕ್ ಸದ್ದು, ಟೈರಿನಡಿ ಸಿಡಿಯುವ ಕಲ್ಲು... ಅಷ್ಟೇ. ಎರಡೂ ಬದಿ ಜಾಲಿ. ಮೊದಲು ಹಸಿ ಕೆಸರಿನ, ಸತ್ತ ಮೀನಿನ ವಾಸನೆ ಬಂತು. ಆಮೇಲೆ ಬೇರೊಂದು. ಮಲಗಿದಲ್ಲೇ ಮಲಗಿರುವವರ ಒದ್ದೆ ಕೌದಿಯ ವಾಸನೆ, ಅದರ ಜೊತೆಗೆ ವಿಭೂತಿ... ಬಯಲಿನಲ್ಲಿ ಆ ವಾಸನೆ ಎಲ್ಲಿಂದ?

ದಾರಿ ನೀರಿಗಿಳಿಯುವ ಜಾಗದಲ್ಲಿ, ಹಿಂದಿನ ಸಲ ಮುಳುಗಿದ್ದ ಗೋಡೆಯೊಂದು ಮೊಣಕಾಲೆತ್ತರ ಮೇಲೆದ್ದಿತ್ತು. ಸೈಕಲ್ಲಿನ ದೀಪದ ಬೆಳಕು ಅದರ ಒಳಗೆ ಬಿತ್ತು.

ಒಬ್ಬ ಮುದುಕಿ ನೆಲದ ಮೇಲೆ ಕೂತಿದ್ದಳು. ತಲೆ ತುಂಬ ಸೆರಗು. ಬೆನ್ನು ನನ್ನ ಕಡೆಗೆ.

“ಯಾರವ್ವಾ?” ಎಂದಳು, ತಿರುಗದೆ.

“ಇಲ್ಲ್ಯಾಕ ಕುಂತೀರಿ ಯವ್ವಾ? ಮನಿ ಎಲ್ಲೈತಿ?”

“ಏಳಾಕ ಆಗವಲ್ದು. ಚೂರು ಕೈ ಕೊಡು.”

ನಾನು ಕೈ ಕೊಡಲಿಲ್ಲ. ಇದನ್ನು ನೆನಪಿನ ಮೇಲೆ ಹಾಕಿ ತಪ್ಪಿಸಿಕೊಳ್ಳಲಾರೆ. ಭಯವಾಗಿತ್ತು ಎಂದರೆ ಪೂರ್ತಿ ಸತ್ಯವಲ್ಲ, ಆಗಿನ್ನೂ ಭಯವಾಗಿರಲಿಲ್ಲ. ಆ ವಾಸನೆಯ ಹತ್ತಿರ ಹೋಗುವುದು ಬೇಡವಾಗಿತ್ತು. ಫೋನಿನಲ್ಲಿ ನನ್ನ ಸವಾರಿ ದಾಖಲಾಗುತ್ತಿತ್ತು, ತಡಮಾಡಲು ಮನಸ್ಸಿರಲಿಲ್ಲ. ಇವಳ ಮನೆಯವರು ಬರುತ್ತಾರೆ ಎಂದುಕೊಂಡೆ.

“ಮ್ಯಾಲ ಹೋಗಿ ಮಂದೀನ ಕರಕೊಂಡ ಬರತೀನಿ,” ಎಂದೆ. ಬರುವ ಉದ್ದೇಶ ಇರಲಿಲ್ಲ.

ಅವಳ ಬೆನ್ನು ಅಲುಗಿತು. ನಗುತ್ತಿದ್ದಳು.

“ಅವನೂ ಹಿಂಗ ಅಂದ.”

ನಾನು ಸೈಕಲ್ ತಿರುಗಿಸಿದೆ.

“ಹೋಗು. ಹೋಗೂ ಮುಂದ ಬಾಗಲಾ ಮುಂದಕ ಮಾಡು. ಥಂಡಿ ಬಾಳ ಐತಿ.”

ಮುಚ್ಚಲು ಬಾಗಿಲು ಎಲ್ಲಿತ್ತು? ಸೂರಿಲ್ಲ, ತೊಲೆಯಿಲ್ಲ, ಗೋಡೆಯಲ್ಲಿ ಚೌಕಟ್ಟು ಕಿತ್ತ ಒಂದು ಸಂದು, ಅಷ್ಟೇ. ಆದರೂ ನನ್ನ ಕೈ ತಾನಾಗಿ ಆ ಸಂದಿನತ್ತ ಚಾಚಿತು. ಬೆರಳಿಗೆ ತಣ್ಣನೆಯ ಕಬ್ಬಿಣದ ಬಳೆ ಸಿಕ್ಕಿತು. ಎಳೆದೆ.

ಕಿರ್ರ್... ಎಂದು ಭಾರವಾದ ಸದ್ದು. ಮರಕ್ಕೆ ಮರ ಬಡಿಯಿತು.

ಈ ಸದ್ದನ್ನು ಮರುದಿನ ಬರೆಯುವಾಗ ಸೇರಿಸಿದೆನೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಉತ್ತರ ದಿನಕ್ಕೊಂದು ಥರ ಬರುತ್ತದೆ.

ಏರು ಹತ್ತಿ ಬಂದಾಗ ಕುರಿಗಾರ ಇರಲಿಲ್ಲ. ಬೆಂಕಿ ಬೂದಿಯಾಗಿತ್ತು, ಮೂಡಣ ಬಿಳಿಚಿತ್ತು. ಕೆಳಗೆ ನಿಂತದ್ದು ಎರಡು ನಿಮಿಷ ಎಂದುಕೊಂಡಿದ್ದೆ. ಫೋನ್ ತೆಗೆದು ನೋಡಿದರೆ ಮುಕ್ಕಾಲು ಗಂಟೆ ನಿಂತ ಗುರುತಿತ್ತು. ನಾನು ನಿಂತ ಜಾಗ ನಕಾಶೆಯಲ್ಲಿ ಪೂರ್ತಿ ನೀಲಿ... ನೀರು.

ಮನೆಗೆ ಬಂದಾಗ ಕಾಕು ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಒಲೆಯ ಪಕ್ಕ ತಟ್ಟೆ ಹಿಡಿದು ಕೂತಿದ್ದ. ನಡೆದದ್ದನ್ನೆಲ್ಲ ಹೇಳಿದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು.

“ಬಾಗಲಾ ಮುಂದಕ ಮಾಡು ಅಂದ್ಲಾ?” ಎಂದಳು ಕಾಕು, ಬಹಳ ಮೆಲ್ಲಗೆ.

“ಸೈಕಲ್ ಹೊಡದ ಹಸದೀದಿ ಅವ್ವಿ,” ಎಂದ ಕಾಕಾ. “ಹಸದ ತಲಿಗೆ ಏನೇನೋ ಕೇಳತೈತಿ. ಮುಂದ ನಿಂಗ ಉಪ್ಪಿಟ್ಟು ಕಟ್ಟಿ ಕಳಸ್ತೀನಿ, ಮುದುಕಿಗೂ ಒಂದೀಟು ಕೊಡು.”

ಕಾಕು ನಗಲಿಲ್ಲ. ಹಿಟ್ಟಿನ ಕೈಯನ್ನು ನೋಡುತ್ತಾ ನನಗೆ ಹೇಳತೊಡಗಿದಳು. ಊರು ಬಿಡುವಾಗ ಎಲ್ಲರೂ ತಮ್ಮ ಮನೆಗಳ ತೊಲೆ, ಚೌಕಟ್ಟು, ಬಾಗಿಲು ಬಿಚ್ಚಿ ಚಕ್ಕಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಹೊಸ ಮನೆಗೆ ಬೇಕಲ್ಲ. ಆಯಿ ಮಾತ್ರ ಮನೆ ಬಿಟ್ಟು ಬರುವುದಿಲ್ಲ ಎಂದು ವರ್ಷವಿಡೀ ಜಗಳ ಮಾಡಿದ್ದಳು. ಕೊನೆಯ ವಾರ ಜಾರಿ ಬಿದ್ದಳು. ಸೊಂಟ ಹೋಯಿತು, ಏಳಲಾರೆ ಎಂದಳು.

“ಮುದುಕಿ ಸೋಗ ಹಾಕತೈತಿ ಅಂದ ನಿಮ್ಮ ಕಾಕಾ. ಬಾಗಲಾ, ಮಾಳಿಗಿ ಎಲ್ಲಾ ಬಿಚ್ಚಿದ್ರ ಥಂಡಿಗೆ ತಾನ ಎದ್ದ ಬರತಾಳ ಅಂದ. ಆಕಿ ಒಳಗ ಇರೂವಾಗನ ಬಿಚ್ಚಿದ್ರು. ಮಂದೀನ ಕರಕೊಂಡ ಬರತೀನಂತ ಆಕಿಗೆ ಹೇಳಿ ಬಂದ. ಮೂರ ದಿನ ಬಿಟ್ಟ ಹೋದ್ವಿ ನಾವು. ಅಷ್ಟರಾಗ ಜ್ವರಾ...”

“ರೊಟ್ಟಿ ಹೊತ್ತಾಕತ್ತೈತಿ, ನೋಡು,” ಎಂದ ಕಾಕಾ. ಆಗಲೂ ದನಿ ಎತ್ತಲಿಲ್ಲ.

ಇದನ್ನು ಚಿಕ್ಕಂದಿನಲ್ಲಿ ಯಾರಾದರೂ ನನ್ನೆದುರು ಆಡಿರಬಹುದು. ಮರೆತು ಒಳಗುಳಿದದ್ದೇ ಆ ಕತ್ತಲಲ್ಲಿ ಎದ್ದು ಕೂತಿರಬಹುದು. ಹಾಗೆಂದುಕೊಂಡು ಮಲಗುತ್ತೇನೆ. ಹಾಗೆಂದುಕೊಂಡರೂ ಆಯಿಗೆ ಆದದ್ದು ಬದಲಾಗುವುದಿಲ್ಲ. ಏಳಲಾರೆ ಎಂದವಳಿಗೆ ಕೈ ಕೊಡದೆ ಬಂದದ್ದು ನಾನೂ ಹೌದು. ಅವಳಿಗೆ ಏಳಲು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು... ಆದರೂ ಬಂದೆ. ಅದಕ್ಕೇ ಅವನದನ್ನೂ ತಿಳಿಯಬೇಕಾಗಿದೆ. ಅವನು ಅದನ್ನು ಸೋಗೆಂದೇ ನಂಬಿದ್ದನೋ ಅಥವಾ ನನ್ನಂತೆ ಗೊತ್ತಿದ್ದೂ ಬಂದನೋ.

ಕಾಕಾ ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಊಟ ಆತೇನ ಅವ್ವಿ ಎನ್ನುತ್ತಾನೆ. ನಾನು ಆ ಬೆಳಿಗ್ಗೆ ಒಲೆಯ ಮುಂದೆ ಅವನಿಗೆ ಹಾಕಿದ ಪ್ರಶ್ನೆಯನ್ನೇ ಮತ್ತೆ ಕೇಳುತ್ತೇನೆ. ಅವನು ಫೋನ್ ಇಡುತ್ತಾನೆ.

“ಕಾಕಾ, ಆಕಿಗೆ ಖರೇನ ಏಳಾಕ ಆಗೂದಿಲ್ಲಂತ ನಿನಗ ಗೊತ್ತಿತ್ತೇನು?”