ನಾಲ್ಕನೇ ಗಂಟೆಯ ಸ್ಯಾಂಪಲ್

ಮೈಸೂರಿನ ಆಶಿತಾಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವಳು. ಅವಳ ಚಪ್ಪಲಿಯ ಸದ್ದು ನನಗೆ ಬಾಯಿಪಾಠ. ಇಂಥವಳಿಗೆ ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಸಿಕ್ಕ ಕೆಲಸವೋ, ಗಡಿಯಾರ ನೋಡುತ್ತ ಕಾಯುವುದು.

ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ಸೂಚನೆ ಹೊತ್ತು ತಿರುಗುವುದು ಮೆಸೆಂಜರ್ ಆರ್‌ಎನ್‌ಎ. ಅದಕ್ಕೆ ಆಯುಸ್ಸು ಕಡಿಮೆ. ತಾನು ಯಾವ ಪ್ರೋಟೀನನ್ನೂ ಕಟ್ಟಿಸದ ಇನ್ನೊಂದು ಉದ್ದನೆಯ ಆರ್‌ಎನ್‌ಎ ಅದನ್ನು ಹಾಳಾಗದಂತೆ ಕಾಯುತ್ತದೆಯೇ ಎಂಬುದು ಅವಳ ಮೇಲಧಿಕಾರಿ ಡಾ. ರಯ್ಯಾ ಅವರ ಪ್ರಶ್ನೆ. ಒಂದು ತಟ್ಟೆಯ ಕೋಶಗಳಲ್ಲಿ ಈ ಕಾವಲಿನ ಆರ್‌ಎನ್‌ಎಯನ್ನು ಅಡಗಿಸಬೇಕು, ಎಂದರೆ ಇಲ್ಲದಂತೆ ಮಾಡಬೇಕು, ಇನ್ನೊಂದರಲ್ಲಿ ಹಾಗೇ ಬಿಡಬೇಕು. ಹೊಸ ಆರ್‌ಎನ್‌ಎ ತಯಾರಾಗದಂತೆ ಎರಡಕ್ಕೂ ಔಷಧಿ ಹಾಕಿ, ಹಳೆಯದು ಎಷ್ಟು ಉಳಿಯಿತೆಂದು ಎರಡನೇ, ನಾಲ್ಕನೇ ಗಂಟೆಗೆ ಸ್ಯಾಂಪಲ್ ತೆಗೆಯಬೇಕು.

ಅದು 2016. ಕಚ್ಚಾ ಎಣ್ಣೆಯ ಬೆಲೆ ನೆಲ ಕಚ್ಚಿತ್ತು. ಅವಳ ಗಂಡ ವಿನಯನ ಆಫೀಸಿನಲ್ಲಿ ಪ್ರಯೋಗದ ದಿನವೇ ಕೆಲಸದಿಂದ ತೆಗೆಯುವವರ ಪಟ್ಟಿ ಬರುವುದಿತ್ತು. ಹಾಗೇ ಬಿಟ್ಟ ತಟ್ಟೆಯಿಂದ ನಾಲ್ಕನೇ ಗಂಟೆಯ ಸ್ಯಾಂಪಲ್ ತೆಗೆದದ್ದೇ ತಡ, ಫೋನ್ ಬಂತು.

"ನನ್ ಹೆಸ್ರೂ ಇದೆ ಕಣೇ."

ಕಾರಿಡಾರಿನಲ್ಲಿ ಅಡ್ಡಾಡುತ್ತ ಮಾತಾಡಿ ಬರುವಷ್ಟರಲ್ಲಿ ಐವತ್ತು ನಿಮಿಷ. ಕಾವಲು ಅಡಗಿಸಿದ ತಟ್ಟೆಯ ಸ್ಯಾಂಪಲನ್ನು ಆಮೇಲೆ ತೆಗೆದಳು. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಮಾತ್ರ ಎರಡಕ್ಕೂ ಒಂದೇ ಸಮಯ ಬರೆದಳು.

ವಾರ ಕಳೆದು ಗ್ರಾಫ್ ಬಂತು. ಕಾವಲು ಅಡಗಿಸಿದ ಕಡೆ, ಉಳಿದ ಮೆಸೆಂಜರ್ ಎಷ್ಟೆಂದು ತೋರಿಸುವ ಗೆರೆ ದಬಕ್ಕನೆ ಬಿದ್ದಿತ್ತು. ರಯ್ಯಾ ಹಿಗ್ಗಿಹೋದರು. "ಖಲಾಸ್, ಕೆಲಸ ಮುಗೀತು! ಗುರುವಾರ ಅನುದಾನದ ಅರ್ಜಿ ಜೊತೆ ಇದನ್ನೇ ಕಳಿಸೋಣ" ಎಂದರು. ಅರ್ಜಿ ಒಪ್ಪಿಗೆಯಾದರೆ ಇನ್ನೆರಡು ವರ್ಷ ಆಶಿತಾಳ ಕೆಲಸ ಉಳಿಯುತ್ತದೆ, ಸಂಸಾರ ಒಮಾನಿನಲ್ಲೇ ಉಳಿಯುತ್ತದೆ.

ಮೂರು ದಿನ ಅವಳು ಅಡುಗೆಮನೆಗೂ ಬಾಲ್ಕನಿಗೂ ಸುತ್ತಿದಳು. ಕೊನೆಗೆ ವಿನಯನಿಗೆ ಎಲ್ಲ ಹೇಳಿದಳು.

"ಐವತ್ ನಿಮಿಷಕ್ಕೆ ಅಷ್ಟೊಂದ್ ಇಳಿಯತ್ತಾ?"

"ಗೊತ್ತಿಲ್ಲ ರೀ. ಗೆರೆ ಬಿದ್ದಿದ್ದು ಕಾವಲು ಇಲ್ದಿದ್ದಕ್ಕೋ, ನಾನ್ ತಡ ಮಾಡಿದ್ದಕ್ಕೋ. ಅದೇ ತಲೆ ತಿಂತಿರೋದು."

"ನಾನು ಸಂಜೆ ಮನೇಲೇ ಹೇಳ್ಬೋದಿತ್ತು. ತಡ್ಕೊಳಕ್ಕಾಗ್ಲಿಲ್ಲ. ಹೋಗಿ ಹೇಳ್ಬಿಡು."

ಹೇಳಿಬಿಟ್ಟಳು. ನನಗಂತೂ ಅವಳ ಮೇಲೆ ಸಿಟ್ಟು ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ರಯ್ಯಾ ಬೈಯಲಿಲ್ಲ. ಆ ಪುಟಕ್ಕೆ ಅಡ್ಡಗೀಟು ಎಳೆದು ಸಹಿ ಹಾಕಿದರು. ಗುರುವಾರವೇ ಕೊನೆಯ ದಿನ; ಅರ್ಜಿ ಹೋಗಲಿಲ್ಲ.

ಪ್ರಯೋಗವನ್ನು ಮತ್ತೆ ಮೂರು ಸಲ ಮಾಡಿದರು. ಗೆರೆ ಮೊದಲಿನಷ್ಟು ಬೀಳಲಿಲ್ಲ, ಆದರೆ ಮೂರೂ ಸಲ ಬಿತ್ತು. ಉದ್ದನೆಯ ಆರ್‌ಎನ್‌ಎ ನಿಜಕ್ಕೂ ಕಾಯುತ್ತಿತ್ತು. ಆ ಗ್ರಾಫನ್ನು ತೋರಿಸಲು ಅವಳು ನಗುತ್ತ ನಮ್ಮ ಮನೆಗೆ ಓಡಿ ಬಂದ ದಿನ, ಅವಳ ವೀಸಾ ಮುಗಿಯಲು ಹನ್ನೊಂದು ದಿನ ಉಳಿದಿತ್ತು.