ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದು

ಮೌಂಟನ್ ಬೈಕ್ ಎಂಬ ಸೈಕಲ್ಲಿಗೆ ಇಪ್ಪತ್ತೊಂದು ಗೇರುಗಳಿರುತ್ತವೆ, ಮುಂದೆ ಸ್ಪ್ರಿಂಗಿನ ಕಾಲುಗಳಿರುತ್ತವೆ, ಎರಡೂ ಗಾಲಿಗಳಿಗೆ ಮೋಟಾರ್‌ಸೈಕಲ್ಲನ್ನು ನಾಚಿಸುವಂಥ ಬ್ರೇಕುಗಳಿರುತ್ತವೆ; ಆದರೆ ಮಡ್‌ಗಾರ್ಡ್ ಮಾತ್ರ ಇರುವುದಿಲ್ಲ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ನಾನಂತೂ ಗಮನಿಸಿರಲಿಲ್ಲ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದು ಡಾಕ್ಟರು ಹೆದರಿಸಿದ ಮರುವಾರವೇ ಹುನಗುಂದದಿಂದ ಬಾಗಲಕೋಟೆಗೆ ಹೋಗಿ, ನವನಗರದ ಅಂಗಡಿಯೊಂದರಲ್ಲಿ ಕಡುಗೆಂಪು ಬಣ್ಣದ ಸೈಕಲ್ಲೊಂದನ್ನು ಆರಿಸಿ, ಅದನ್ನು ಸುತ್ತುಹಾಕಿ ನೋಡುವಾಗಲಷ್ಟೇ ಅದರ ಗಾಲಿಗಳು ದಿಗಂಬರವಾಗಿರುವುದು ನನ್ನ ಕಣ್ಣಿಗೆ ಬಿತ್ತು.

"ಇದಕ್ಕ ಮಡ್‌ಗಾರ್ಡ್ ಇಲ್ಲೇನ್ರಿ?" ಎಂದೆ.

ಅಂಗಡಿಯವನು ಕರುಣೆಯಿಂದ ನಕ್ಕ. "ಸರ್, ಇದು ಗುಡ್ಡಾ ಹತ್ತೋ ಗಾಡಿ. ಕೆಸರಿಗೆ ಅಂಜಂಗಿಲ್ಲ."

"ಗಾಡಿ ಅಂಜಂಗಿಲ್ಲ ಖರೆ. ನಾ ಅಂಜತೇನಿ."

"ಮಡ್‌ಗಾರ್ಡ್ ಹಾಕಿದ್ರ ಶೋಭಾ ಹೋಗ್ತದ್ರಿ," ಎಂದು ಅವನು ವಿಷಯಕ್ಕೆ ಮಂಗಳ ಹಾಡಿದ. ಐವತ್ತೈದರ ಪ್ರಾಯದಲ್ಲಿ ನನ್ನಿಂದ ಇನ್ನೂ ಹೋಗಬಹುದಾದ ಶೋಭೆ ಯಾವುದಾದರೂ ಉಳಿದಿದೆ ಎಂದು ಒಬ್ಬರು ಭಾವಿಸಿದ್ದೇ ಸಾಕಾಗಿ, ನಾನು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿದೆ. ನಮ್ಮ ಹುನಗುಂದದ ಸುತ್ತ ಹತ್ತಬೇಕಾದ ಗುಡ್ಡಗಳೇನೂ ಇಲ್ಲ, ಅದಕ್ಕೆ ಬಾದಾಮಿಗೇ ಹೋಗಬೇಕು. ಇಲ್ಲಿರುವುದು ಕಣ್ಣು ಹಾಯುವಷ್ಟು ದೂರ ಚಪ್ಪಟೆ ಬಿದ್ದಿರುವ ಎರೆಭೂಮಿ ಎಂಬ ಭೌಗೋಳಿಕ ಸತ್ಯ ಆ ಘಳಿಗೆಯಲ್ಲಿ ನನಗೆ ಹೊಳೆಯಲಿಲ್ಲ.

ಎರೆಮಣ್ಣಿನ ಸ್ವಭಾವ ಬಲ್ಲವರಿಗೆ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಟ್ಟು ವೈರಾಗ್ಯ ತೋರುವ ಅದೇ ಮಣ್ಣು, ಮಳೆ ಬಿದ್ದ ಕ್ಷಣದಿಂದ ಅಂಟಿಕೊಂಡರೆ ಬಿಡದ ಸಂಸಾರಿಯಾಗುತ್ತದೆ. ಮೊದಲ ಮಳೆಯ ಮರುದಿನ ನಾನು ಸೈಕಲ್ ತುಳಿದುಕೊಂಡೇ ಕಾಲೇಜಿಗೆ ಹೋದೆ. ಅಂದು ತರಗತಿಯಲ್ಲಿ, ಎಂಥ ಯೋಗಾಯೋಗ ನೋಡಿ, 'ಪಂಕಜ' ಶಬ್ದದ ಪಾಠ. ಪಂಕವೆಂದರೆ ಕೆಸರು, ಕೆಸರಿನಲ್ಲಿ ಹುಟ್ಟಿದ್ದೆಲ್ಲ ಪಂಕಜವೇ, ಕಪ್ಪೆಯೂ ಪಂಕಜವೇ. ಆದರೂ ಲೋಕವು ತಾವರೆಯೊಂದಕ್ಕೇ ಆ ಪದವಿ ಕೊಟ್ಟಿದೆ ಎಂದು ಹಲಗೆಯತ್ತ ತಿರುಗಿ ಬರೆಯತೊಡಗಿದೆ. ತರಗತಿ ಗೊಳ್ಳೆಂದಿತು. ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ನನ್ನ ವ್ಯಾಕರಣದ ಹಾಸ್ಯಕ್ಕೆ ಅಂಥ ಸ್ಪಂದನ ಸಿಕ್ಕಿರಲಿಲ್ಲವಾದ್ದರಿಂದ ಕಪ್ಪೆಯ ಮಾತನ್ನು ಇನ್ನೊಮ್ಮೆ ಹೇಳಿ ಇನ್ನೊಮ್ಮೆ ತಿರುಗಿದೆ. ಈ ಸಲ ಬೆಂಚುಗಳೇ ನಕ್ಕವು. ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ನಿಮ್ಮ ಬೆನ್ನು ನೋಡ್ಕೊಳ್ರಿ," ಎಂದಳು. ಸೊಂಟದಿಂದ ಕತ್ತಿನವರೆಗೆ ಬಿಳಿ ಅಂಗಿಯ ಮೇಲೆ ಕಪ್ಪು ಪಟ್ಟೆ, ಬಾಲವೊಂದು ದಿಕ್ಕು ತಪ್ಪಿ ಮೇಲಕ್ಕೆ ಬೆಳೆದ ಹಾಗೆ. ಅಂದಿನಿಂದ ಕಾಲೇಜಿನಲ್ಲಿ ನನ್ನ ಹೆಸರು ಪಂಕಜ ಸರ್.

ಹೀಗೆ ಮಡ್‌ಗಾರ್ಡಿನ ಆಯ್ಕೆ ನನ್ನ ಪಾಲಿಗೆ ಮಾನರಕ್ಷಣೆಯ ಪ್ರಶ್ನೆಯಾಯಿತು. ಮೊಬೈಲಿನಲ್ಲಿ ವೀಡಿಯೋಗಳನ್ನು ನೋಡಿದೆ. ಹಿಮದ ಬೆಟ್ಟಗಳ ನಡುವೆ ಗಡ್ಡಧಾರಿಗಳು ಟಯರಿನ ಅಗಲವನ್ನು ಅಳೆಯುತ್ತ ಗಂಭೀರವಾಗಿ ಮಾತಾಡುತ್ತಿದ್ದರು. ಅವರ ಮಾತು ನಂಬಿ ಮೊದಲು ತರಿಸಿದ್ದು ಸೀಟಿನ ಕೆಳಗೆ ಸಿಕ್ಕಿಸುವ, ಹಾವಿನ ಹೆಡೆಯಂಥ ಪ್ಲಾಸ್ಟಿಕ್ಕಿನ ತುಂಡು. ಅದು ಬೆನ್ನನ್ನು ಸಾಕಷ್ಟು ಮಟ್ಟಿಗೆ ಕಾಪಾಡಿತು. ಆದರೆ ಬೆನ್ನಿನ ಚಿಂತೆ ತೀರಿದ ಉತ್ಸಾಹದಲ್ಲಿ ಜೋರಾಗಿ ತುಳಿದದ್ದರಿಂದ ಮುಂದಿನ ಗಾಲಿ ಎರಚಿದ್ದು ನೇರವಾಗಿ ಮುಖಕ್ಕೇ ಬಂತು. ಹಿಂದಿನಿಂದ ಆಡಿಕೊಳ್ಳುತ್ತಿದ್ದವರು ಈಗ ಎದುರಿಗೇ ನಗುವಂತಾಯಿತು. ಪ್ರಗತಿಯೆಂದರೆ ಇದೇ ಇರಬೇಕು.

ಆಮೇಲೆ ನಾನು ರಾಜೇಸಾಬರ ಬಳಿ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ನಲವತ್ತು ವರ್ಷಗಳಿಂದ ಸೈಕಲ್ ರಿಪೇರಿ ಮಾಡುತ್ತಿರುವ ವೃದ್ಧರು. ಹಳೆಯ ಸೈಕಲ್ಲೊಂದರ ಕಬ್ಬಿಣದ ಮಡ್‌ಗಾರ್ಡುಗಳನ್ನು ಹಿಗ್ಗಿಸಿ, ಬಗ್ಗಿಸಿ, ಪಟ್ಟಿ ಬೆಸೆದು ಕೂಡಿಸಿದರು. ಗಾಲಿಗೆ ಇನ್ನೂ ಹತ್ತಿರ, ಇನ್ನೂ ಹತ್ತಿರ ಎಂದು ನಾನು ಪಕ್ಕದಲ್ಲಿ ನಿಂತು ಒತ್ತಾಯಿಸುತ್ತಿದ್ದೆ. ರಕ್ಷಣೆ ಎಷ್ಟು ಬಿಗಿಯೋ ಅಷ್ಟು ಪರಿಪೂರ್ಣವೆಂಬುದು ನನ್ನ ತರ್ಕ.

"ಸರ, ಸಂದು ಭಾಳ ಕಮ್ಮಿ ಆತ್ರಿ," ಎಂದರು ರಾಜೇಸಾಬರು ಸ್ಪ್ಯಾನರ್ ಕೆಳಗಿಟ್ಟು. "ಡಾಂಬರ ರೋಡಿಗೆ ಅಡ್ಡಿಯಿಲ್ಲ. ಎರಿಯೊಳಗ ಮಾತ್ರ ಇಳೀಬ್ಯಾಡ್ರಿ."

ನಾನು ತಲೆಯಾಡಿಸಿದೆ. ಬೋಧಿಸುವ ವೃತ್ತಿಯವರು ತಲೆಯಾಡಿಸಿದರೆ ಕೇಳಿಸಿಕೊಂಡರು ಎಂದರ್ಥವಲ್ಲ.

ಇದೇ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಶುಭಕಾರ್ಯ ಕೂಡಿಬಂದಿತ್ತು. ನನ್ನ ಮಗಳು ಅಕ್ಷತಾ ಚೊಚ್ಚಲ ಬಸುರಿ. ಬಾಗಲಕೋಟೆಯ ಬೀಗರ ಮನೆಯಲ್ಲಿ ಶುಕ್ರವಾರ ಕುಬಸದ, ಅಂದರೆ ಸೀಮಂತದ, ಕಾರ್ಯ ನಿಶ್ಚಯವಾಗಿತ್ತು. ಬಸುರಿಗೆ ತವರಿನಿಂದ ಉಡಿಸುವ ಹಸಿರು ಸೀರೆಯನ್ನು ಅಂಗಡಿಯಿಂದ ತರುವುದು ಬೇಡವೆಂದು ನನ್ನ ಹೆಂಡತಿ ಗಿರಿಜೆ ಎರಡು ತಿಂಗಳ ಹಿಂದೆಯೇ ಇಳಕಲ್ಲಿನ ಮಹಾದೇವಪ್ಪನಿಗೆ ಹೇಳಿಟ್ಟಿದ್ದಳು. ಮಹಾದೇವಪ್ಪ ನನ್ನ ಶಾಲೆಯ ಗೆಳೆಯ, ಇವತ್ತಿಗೂ ಕೈಮಗ್ಗ ಬಿಡದ ನೇಕಾರ. "ಇದ ನನ್ನ ಕಡೀ ಸೀರಿ" ಎಂದು ಎಂಟು ವರ್ಷಗಳಿಂದ ಪ್ರತಿ ಸೀರೆಗೂ ಹೇಳುತ್ತ ಬಂದವನು.

ಕಾರ್ಯಕ್ಕೆ ಐದು ದಿನ ಮೊದಲು, ಭಾನುವಾರ ಬೆಳಿಗ್ಗೆ, ಸೀರೆ ತರಲು ನಾನು ಸೈಕಲ್ ಹೊರಗೆ ತೆಗೆದೆ. ಗಿರಿಜೆ ಬಾಗಿಲಿಗೆ ಬಂದಳು.

"ಸೀರಿ ತರ್ಲಿಕ್ಕೆ ಸೈಕಲ್ ಯಾಕ? ಮಳಿಗಾಲ ಅದ. ಬಸ್ಸಿಗೆ ಹೋಗ್ರಿ."

"ಮಡ್‌ಗಾರ್ಡ್ ಹಾಕಿಸೇನಲ್ಲ," ಎಂದೆ, ಕವಚ ಧರಿಸಿದ ಕರ್ಣನ ಗತ್ತಿನಲ್ಲಿ. ಆ ಕವಚ ಕೊನೆಗೆ ಕರ್ಣನನ್ನು ಕಾಯಲಿಲ್ಲವೆಂಬುದನ್ನು ಪಾಠ ಮಾಡುವವನೂ ನಾನೇ.

ಹೋಗುವಾಗ ಹೆದ್ದಾರಿಯ ಮೇಲೆ ಏನೂ ತೊಂದರೆಯಾಗಲಿಲ್ಲ. ಮಹಾದೇವಪ್ಪ ಸೀರೆಯನ್ನು ಚಾಪೆಯ ಮೇಲೆ ಹರಡಿ ತೋರಿಸಿದ. ಗಿಳಿಹಸಿರು ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಕೋಟೆಯ ತೆನೆಗಳಂಥ ಬಿಳಿ ಸಾಲು. ನೋಡುತ್ತ ನೋಡುತ್ತ, ಇದನ್ನು ಉಟ್ಟ ಮಗಳು ಕಣ್ಣಮುಂದೆ ಬಂದಳು. ಅವನ ಹೆಂಡತಿ ನೀಲವ್ವ ಸೀರೆ ಮಡಚಿ, "ಪ್ಲಾಸ್ಟಿಕ್ ಚೀಲದಾಗ ಹಾಕಿ ಕೊಡ್ತೇನ್ರಿ ಅಣ್ಣಾರ, ಮೋಡ ಆಗೈತಿ," ಎಂದಳು. ನಾನು ಪ್ಲಾಸ್ಟಿಕ್ಕಿನಿಂದ ಭೂಮಾತೆಗೆ ಆಗುವ ಅನ್ಯಾಯವನ್ನು ಕುರಿತು ಹತ್ತು ನಿಮಿಷ ಮಾತಾಡಿ, ಬಟ್ಟೆಯ ಚೀಲವನ್ನೇ ಪಡೆದು, ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ಹೊರಟೆ. ಭೂಮಾತೆ ಈ ಉಪನ್ಯಾಸವನ್ನು ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ.

ಊರ ಹೊರಗೆ ಬರುವಷ್ಟರಲ್ಲಿ ಉತ್ತರಿ ಮಳೆಯ ಒಂದು ಸೆಳಕು ಹೊಡೆದು ನಿಂತಿತ್ತು. ಹೆದ್ದಾರಿಯಲ್ಲಿ ಕಲ್ಲುಗಣಿಯ ಲಾರಿಗಳು ಒಂದರ ಹಿಂದೊಂದು. ಎಡಕ್ಕೆ ಹೊಲಗಳ ನಡುವೆ ಹೋಗುವ ಬಂಡಿದಾರಿ. ಗುಡ್ಡ ಹತ್ತುವ ಗಾಡಿ ನನ್ನದು, ಎರಡು ಮಡ್‌ಗಾರ್ಡುಗಳ ಒಡೆಯ ನಾನು, ಇಳಿದೇಬಿಟ್ಟೆ. ನೂರು ಮಾರು ಹೋಗುವಷ್ಟರಲ್ಲಿ ಸೈಕಲ್ಲು ನಿಟ್ಟುಸಿರಿಡತೊಡಗಿತು. ಗಾಲಿಗಂಟಿದ ಮಣ್ಣು ಕೆಳಗೆ ಬೀಳಲು ದಾರಿಯಿಲ್ಲದೆ, ಆ ಬಿಗಿಯಾದ ಸಂದಿನಲ್ಲಿ ಪದರ ಪದರವಾಗಿ ತುಂಬಿಕೊಳ್ಳುತ್ತಿತ್ತು. ನಾನು ಇನ್ನಷ್ಟು ಜೋರಾಗಿ ತುಳಿದೆ. ಮುಂದಿನ ಗಾಲಿ ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ಲಿನ ಮೇಲಿಂದ ಹಾರಿ, ಬದುವಿನ ಪಕ್ಕದ ನೀರಿಗೆ ಬಿದ್ದೆ. ಎದ್ದು ನೋಡಿದರೆ ಸೈಕಲ್ಲಿನ ಕೆಳಗೆ ಚೀಲ, ಚೀಲದ ಬಾಯಿಯಿಂದ ಹೊರಬಂದ ಗಿಳಿಹಸಿರಿನ ಮೇಲೆ ಮೊಳದುದ್ದ ಕಪ್ಪು ಕೆಸರು. ಗಾಬರಿಯಿಂದ ಕರವಸ್ತ್ರ ತೆಗೆದು ತಿಕ್ಕಿದೆ. ಮೊಳದುದ್ದವಿದ್ದದ್ದು ಒಂದೂವರೆ ಮೊಳವಾಯಿತು.

ಮನೆಗೆ ಹೋಗುವ ಧೈರ್ಯವಾಗಲಿಲ್ಲ. ಗಾಲಿಗಳು ತಿರುಗದೇ ಇದ್ದುದರಿಂದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಡಾಂಬರಿನವರೆಗೆ ನಡೆದೆ, ಅಂದರೆ ಸೈಕಲ್ಲೇ ನನ್ನ ಮೇಲೆ ಸವಾರಿ ಮಾಡಿಕೊಂಡು ಬಂತು. ಅಲ್ಲಿ ಕಡ್ಡಿಯಿಂದ ಮಣ್ಣು ಕೆದರಿ, ಇಳಕಲ್ಲಿಗೆ ವಾಪಸಾದೆ.

ನೀಲವ್ವ ನನ್ನನ್ನೂ ಚೀಲವನ್ನೂ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ, ತಿಕ್ಕೀರೇನ್ರಿ? ಎರಿಮಣ್ಣ ಹಸಿ ಇದ್ದಾಗ ಮುಟ್ಟಬಾರದ್ರಿ, ಒಣಗಿದ ಮ್ಯಾಲ ಕೊಡವಬೇಕು."

ಮಹಾದೇವಪ್ಪ ಸೀರೆಯನ್ನು ಬೆಳಕಿಗೆ ಹಿಡಿದ. ಒಂದು ತಿಂಗಳ ಕಾಲ ಒಂದೊಂದೇ ಎಳೆ ಕೂಡಿಸಿದ ಕೈ ಅದು. ಅವನು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಮಡಿಕೆ ಸರಿಮಾಡಿ ಹೆಂಡತಿಯ ಕೈಗೆ ಕೊಟ್ಟು, ಹೊರಗೆ ಬಂದು ಸೈಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಮಡ್‌ಗಾರ್ಡಿನ ಸಂದಿನಲ್ಲಿ ಬೆರಳು ತೂರಿಸಲು ನೋಡಿದ. ಬೆರಳು ಹೋಗಲಿಲ್ಲ.

"ಲೇ ಮಾಸ್ತರ, ಯಾರು ಹಚ್ಚಿದ್ರಲೇ ಇಷ್ಟು ಬಿಗದು?"

"ನಾನಽ ಹಚ್ಚಿಸಿದ್ನಿ."

"ಮಗ್ಗದಾಗ ಲಾಳಿ ಓಡಬೇಕಂದ್ರ ಎಳಿ ನಡುವ ದಾರಿ ಬಿಡಬೇಕಾಗ್ತೈತಿ. ಗಾಲಿ ತಿರುಗಬೇಕಂದ್ರೂ ಅಷ್ಟ. ಇಷ್ಟ ಓದಿ ಇಷ್ಟೂ ತಿಳೀಲಿಲ್ಲೇನಲೇ?"

ಸಂಜೆಯ ಹೊತ್ತಿಗೆ ಕೆಸರು ಒಣಗಿ ಉದುರಿತು; ತೊಳೆದ ಮೇಲೆ ಅಂಗೈ ಅಗಲದ ಮಸುಕು ನೆರಳೊಂದು ಉಳಿಯಿತು. ಉಡುವಾಗ ಒಳಸುತ್ತಿಗೆ ಹೋಗುವ ಭಾಗ, ಯಾರಿಗೂ ಕಾಣದು ಎಂದಳು ನೀಲವ್ವ. "ಗಿರಿಜಾಗ ಹೇಳಬ್ಯಾಡ್ರಿ," ಎಂದು ಇಬ್ಬರಲ್ಲೂ ಬೇಡಿಕೊಂಡು, ಸೀರೆಯನ್ನು ಪೂರ್ತಿ ಒಣಗಲೆಂದು ಅಲ್ಲಿಯೇ ಬಿಟ್ಟು ಮನೆಗೆ ಬಂದೆ. ಕೆಸರಿನ ಮೂರ್ತಿಯಾಗಿ ಬಾಗಿಲಲ್ಲಿ ನಿಂತವನನ್ನು ನೋಡಿ ಗಿರಿಜೆ ಕೇಳಿದ್ದು ಒಂದೇ ಮಾತು.

"ಸೀರಿ ಎಲ್ಲೆ?"

"ಸೆರಗಿನ ಕುಚ್ಚು ಕಟ್ಟೋದು ಉಳದದ. ಬುಧವಾರ ಕೊಡ್ತಾನಂತ."

ಮೂವತ್ತು ವರ್ಷ ಮಕ್ಕಳ ಸುಳ್ಳುಗಳನ್ನು ಒಂದೇ ನೋಟಕ್ಕೆ ಹಿಡಿದವನ ಸುಳ್ಳು ಎಷ್ಟು ಸೊಗಸಾಗಿತ್ತೆಂದರೆ, ಅವಳು "ಹೂಂ" ಎಂದು ಒಳಗೆ ಹೋದಳು. ಬುಧವಾರ ಬಸ್ಸಿಗೆ ಹೋಗಿ ಸೀರೆ ತಂದೆ. ಅವಳು ಅದನ್ನು ಬಿಚ್ಚಿ, ಕೈಯಾಡಿಸಿ, ಚೆಂದ ಆಗ್ಯದ ಎಂದಷ್ಟೇ ಹೇಳಿ ಮತ್ತೆ ಮಡಚಿಟ್ಟಳು. ನಾನು ಗೆದ್ದೆ ಎಂದುಕೊಂಡೆ.

ಅಂದೇ ಸಂಜೆ ರಾಜೇಸಾಬರ ಬಳಿ ಹೋಗಿ ಕಬ್ಬಿಣ ಬಿಚ್ಚಿಸಿ, ಅಗಲವಾದ ಪ್ಲಾಸ್ಟಿಕ್ ಮಡ್‌ಗಾರ್ಡುಗಳನ್ನು ಗಾಲಿಯಿಂದ ಮೂರು ಬೆರಳು ಎತ್ತರಕ್ಕೆ ಕೂಡಿಸಿಕೊಂಡೆ. ಅವು ಪರಿಪೂರ್ಣವೇನಲ್ಲ, ಈಗಲೂ ನಾಲ್ಕು ಹನಿ ಅಂಗಿಗೆ ಬೀಳುತ್ತವೆ. ಆದರೆ ಗಾಲಿ ತಿರುಗುತ್ತದೆ. ಒಂದು ಹನಿಯೂ ತಾಗದಂತೆ ಬದುಕಬೇಕೆಂದರೆ ನಿಂತಲ್ಲೇ ನಿಲ್ಲಬೇಕಾಗುತ್ತದೆ ಎಂಬ ತತ್ತ್ವವನ್ನು ನಾನು ಆ ಸಂಜೆ ಕಂಡುಕೊಂಡು, ರಾಜೇಸಾಬರಿಗೆ ವಿವರಿಸಿದೆ. ಅವರು ತಲೆಯಾಡಿಸಿದರು.

ಶುಕ್ರವಾರ ಬೀಗರ ಮನೆಯಲ್ಲಿ ಅಕ್ಷತಾ ಆ ಸೀರೆಯುಟ್ಟು ಕೈತುಂಬ ಹಸಿರು ಬಳೆಯೊಂದಿಗೆ ಕೂತಾಗ ಎಲ್ಲರೂ ಅವಳ ಮುಖ ನೋಡುತ್ತಿದ್ದರು, ನಾನೊಬ್ಬ ನಿರಿಗೆ ನೋಡುತ್ತಿದ್ದೆ. ಹೆಣ್ಣುಮಕ್ಕಳ ಹಾಡು ಮುಗಿಯಿತು, ಆರತಿಯಾಯಿತು, ಉಡಿ ತುಂಬಿದರು. ಅಂಗೈ ಅಗಲದ ಆ ನೆರಳು ಎಲ್ಲೂ ಇಣುಕಲಿಲ್ಲ. ಊಟದ ನಂತರ ಮಗಳು ನನ್ನನ್ನು ಹತ್ತಿರ ಕರೆದು ಕೂಡಿಸಿಕೊಂಡಳು. ಗಿರಿಜೆ ಪಕ್ಕದಲ್ಲೇ ಎಲೆ ಅಡಿಕೆ ಜೋಡಿಸುತ್ತಿದ್ದಳು.

"ಅಪ್ಪಾ, ಬಿದ್ದಾಗ ಪೆಟ್ಟಾಗಿತ್ತೇನು?"

"ಯಾರು ಹೇಳಿದ್ರು?"

"ನೀಲವ್ವ ಕಾಕೂ ಅವತ್ತಽ ಅವ್ವಗ ಫೋನ್ ಮಾಡಿದ್ರಂತ, ನೀ ಮನಿ ಮುಟ್ಟೂಕಿಂತ ಮೊದಲಽ. ಸೀರಿ ಹೋಗ್ಲಿ ಬಿಡು. ನಿನಗ ಎಲ್ಲೆ ಹತ್ತಿತು?"

ಓದುಗ ಮಹಾಶಯರೇ, ಸೀರೆಯ ಗಾಬರಿಯಲ್ಲಿ ಒಂದು ಸಂಗತಿಯನ್ನು ನಿಮಗೂ ಹೇಳಲಿಲ್ಲ. ಬಿದ್ದಾಗ ನನ್ನ ಎಡ ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ಕುಂಟಿದರೆ ಗುಟ್ಟು ಬಯಲಾದೀತೆಂದು ಐದು ದಿನ ಹಲ್ಲು ಕಚ್ಚಿ ನೆಟ್ಟಗೆ ನಡೆದಿದ್ದೆ, ಸೊಳ್ಳೆಯ ನೆಪ ಹೇಳಿ ಪಾಯಿಜಾಮ ಹಾಕಿಕೊಂಡೇ ಮಲಗಿದ್ದೆ. ನನ್ನ ಕಾಲಿಗೆ ಏನಾಯಿತೆಂದು ಅಷ್ಟು ದಿನದಲ್ಲಿ ನಾನೇ ನನ್ನನ್ನು ಕೇಳಿಕೊಂಡಿರಲಿಲ್ಲ. ಕೇಳಿದವಳು ಇವಳೊಬ್ಬಳೇ. ಬೀಗರ ಮನೆಯೆಂಬುದನ್ನೂ ಮರೆತು ಧೋತರವನ್ನು ಮೊಣಕಾಲಿನವರೆಗೆ ಎತ್ತಿದೆ.

ಗಿರಿಜೆಯ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. "ಇದನ್ಯಾಕ ಹೇಳಲಿಲ್ರಿ?" ಎಂದಳು. ಐದು ದಿನಗಳಲ್ಲಿ ಮೊದಲ ಬಾರಿಗೆ ಅವಳ ದನಿಯಲ್ಲಿ ಸಿಟ್ಟಿತ್ತು, ಕಣ್ಣಲ್ಲಿ ನೀರಿತ್ತು. ನೀಲವ್ವನಿಗೂ ಗೊತ್ತಿರದ ಸಂಗತಿ ಅದೊಂದೇ.

ಸೀರೆಯ ವಿಷಯದಲ್ಲಿ ಒಂದೇ ಒಂದು ಮಾತನ್ನೂ ಆಡದವಳು ಮೊಣಕಾಲಿನ ವಿಷಯದಲ್ಲಿ ಬಾಗಲಕೋಟೆಯ ಬಸ್‌ಸ್ಟ್ಯಾಂಡಿನಿಂದ ಹುನಗುಂದದವರೆಗೆ ಬಿಡದೆ ಬೈದಳು. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವನು ಗಾಯ ಮುಚ್ಚಿಡಬಹುದೇ, ನಾ ಅಂದ್ರ ಏನು ತಿಳಕೊಂಡೀರಿ, ನಾಳೆ ಮುಂಜಾನೆ ಎದ್ದ ಕೂಡಲೇ ದವಾಖಾನಿ. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ನಾನು ಕಾಲನ್ನು ಉದ್ದಕ್ಕೆ ಚಾಚಿ, ಹಾಯಾಗಿ ಕುಂಟುವ ಅಧಿಕಾರವನ್ನು ಮರಳಿ ಪಡೆದವನಾಗಿ, ಬೈಗುಳದ ಒಂದು ಅಕ್ಷರವನ್ನೂ ಬಿಡದೆ ಕೇಳುತ್ತ ಕೂತಿದ್ದೆ.