ಹತ್ತಿ ಗಿರಣಿ ಮುಂದಿನ ಹಗ್ಗ

ಆದವಾನಿಗೆ ಹೋಗುವ ಬಸ್ಸಿಗೆ, ದಾರಿಯ ಪೇಟೆಯೊಂದರ ಹತ್ತಿ ಗಿರಣಿಯ ಮುಂದೆ ಕಾಯುತ್ತಿದ್ದೆ. ಹಿಂದೊಮ್ಮೆ ಬಂದಾಗ ಇಲ್ಲಿ ರಸ್ತೆ ಉಬ್ಬು ಇತ್ತೆಂದು ನೆನಪು. ಅದು ಈ ಊರೋ ಬೇರೆಯದೋ ಎಂಬ ಅನುಮಾನದಿಂದ, ಮಧ್ಯಾಹ್ನದ ಪಾಳಿಗೆ ಬಂದಿದ್ದ ಗಿರಣಿಯ ಕೆಲಸದಾಕೆ ಈರಮ್ಮನನ್ನು ಕೇಳಿದೆ.

"ಇತ್ರಿ. ಪುರಸಭೆಯವ್ರು ಹೊಸ ಡಾಂಬರು ಹಾಕಿದಾಗ ಮುಚ್ಚಿಹೋತು. ಆಮ್ಯಾಲೆ ನಮ್ಮ ನಾದಿನಿ ಕಾಲು ಲಾರಿ ಕೆಳಗ ಹೋತು."

ಅದಕ್ಕೇ ಗಿರಣಿಯ ಹೆಂಗಸರು ಹತ್ತಿ ಲೋಡು ಬಿಗಿಯುವ ಹಳೆಯ ದಪ್ಪ ಹಗ್ಗವನ್ನು ರಸ್ತೆಗೆ ಅಡ್ಡ ಹಾಸಿ ಗೂಟ ಹೊಡೆದಿದ್ದರು. ಲಾರಿಗಳು ಅಲ್ಲಿ ನಿಧಾನವಾಗುತ್ತಿದ್ದವು. ಅಷ್ಟರಲ್ಲಿ ಪುರಸಭೆಯ ಜೀಪು ಬಂತು. ಆಳುಗಳು ಇಳಿದು ಹಗ್ಗ ಬಿಚ್ಚಿ ಸುತ್ತತೊಡಗಿದರು.

"ಪರ್ಮಿಷನ್ ಲೇದಮ್ಮಾ, ಪರ್ಮಿಷನ್ ಇಲ್ಲ," ಎಂದ ಜೀಪಿನಲ್ಲಿ ಬಂದ ಅಧಿಕಾರಿ. "ಹೊಸ ಉಬ್ಬು ಹಾಕಾಕ ಪ್ರಪೋಸಲ್ ಕಳಿಸೀವಿ."

"ಅದು ಬರೋತನಕ ಯಾರ ಮ್ಯಾಲೂ ಹರಿಬ್ಯಾಡ ಅಂತ ಲಾರಿಗೆ ಹೇಳಿ ಹೋಗ್ರಿ ಸಾರು," ಎಂದಳು ಈರಮ್ಮ.

ಅವನು ನಕ್ಕ. ನನಗೆ ಮೈ ಉರಿಯಿತು. ತಾವೇ ಮುಚ್ಚಿದ ಉಬ್ಬನ್ನು ಮತ್ತೆ ಹಾಕಲಾಗದವರಿಗೆ ಹಗ್ಗ ಒಯ್ಯಲು ಜೀಪೂ ಇದೆ, ಆಳೂ ಇದ್ದಾರೆ.

ಬೆಳಗಿನ ಪಾಳಿ ಬಿಟ್ಟಿತು. ಈರಮ್ಮ ರಸ್ತೆಯ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತಳು. ಹೆಂಗಸರು ಅವಳ ಬೆನ್ನ ಹಿಂದಿನಿಂದ ದಾಟತೊಡಗಿದರು. ದಾರಿ ಬಿಡಿರೆಂದು ಮೊದಲು ಹಾರ್ನ್ ಒತ್ತಿದ್ದು ಆ ಜೀಪೇ.